ಕನ್ನಡಿಯಿಲ್ಲದ ಕ್ಯಾಮೆರಾ

ಮಧ್ಯಮ ವರ್ಗದ ಅನೇಕ ಮನೆಗಳಲ್ಲಿ ಬೀರುವಿನ ಮೇಲಿನ ಖಾನೆಯಲ್ಲಿ ಒಂದು ಕಪ್ಪು ಚೀಲವಿರುತ್ತದೆ. ನಾಮಕರಣವೋ ಮದುವೆಯೋ ಬಂದಾಗ ಅದು ಕೆಳಗಿಳಿಯುತ್ತದೆ; ಶುಭಕಾರ್ಯ ಮುಗಿದ ಮರುದಿನ ಮತ್ತೆ ಮೇಲೇರುತ್ತದೆ. ಅದರೊಳಗಿನ ಕ್ಯಾಮೆರಾ ಕೆಟ್ಟದ್ದೆಂದಲ್ಲ. ಕೊಂಡ ದಿನ ಅಂಗಡಿಯಲ್ಲಿದ್ದ ಉತ್ತಮ ವಸ್ತುಗಳಲ್ಲಿ ಅದೂ ಒಂದಾಗಿದ್ದಿರಬಹುದು. ಅದರ ದೋಷ ಒಂದೇ, ಅದು ಭಾರ.

ಮೈಸೂರಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿಯೂ ಅಂತಹ ಚೀಲವೊಂದಿತ್ತು. ನಿವೃತ್ತಿಯ ಹಣ ಕೈಗೆ ಬಂದ ವರ್ಷ ಅವರು ಬಹುದಿನದ ಆಸೆಯನ್ನು ತೀರಿಸಿಕೊಳ್ಳಲು ದೊಡ್ಡ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡಿದ್ದರು. ಲೆನ್ಸೂ ಸೇರಿ ಒಂದೂವರೆ ಕಿಲೋ ತೂಕ. ಮೊದಲ ವರ್ಷ ಉತ್ಸಾಹವಿತ್ತು; ಎರಡನೆಯ ವರ್ಷ ಹೆಗಲು ನೋವು ಬಂದಿತು; ಮೂರನೆಯ ವರ್ಷ ಚೀಲ ಬೀರುವನ್ನು ಸೇರಿತು.

ಅವರ ವೃದ್ಧ ತಾಯಿ ಪ್ರತಿದಿನ ಬೆಳಗ್ಗೆ ಹಿತ್ತಲಿನ ಪಾರಿಜಾತದ ಅಡಿಯಲ್ಲಿ ಬಾಗಿ, ನೆಲಕ್ಕೆ ಉದುರಿದ ಹೂಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕುತ್ತಿದ್ದರು. ಬೇಲಿಯ ಸಂದಿಯಿಂದ ನುಸುಳಿದ ಎಳೆಬಿಸಿಲು ಅವರ ಬೆನ್ನ ಮೇಲೆ ಬಿದ್ದಿರುತ್ತಿತ್ತು. ಆ ನೋಟವನ್ನು ಚಿತ್ರದಲ್ಲಿ ಹಿಡಿಯಬೇಕೆಂದು ಮಗ ಎಷ್ಟೋ ಸಲ ಅಂದುಕೊಂಡದ್ದುಂಟು. ಆದರೆ ಚೀಲವಿಳಿಸಿ, ಬ್ಯಾಟರಿ ಹಾಕಿ, ಲೆನ್ಸ್ ಜೋಡಿಸುವಷ್ಟರಲ್ಲಿ ಹೂ ದೇವರ ಮನೆಯನ್ನು ಸೇರಿರುತ್ತಿತ್ತು. ನಾಳೆ ತೆಗೆದರಾಯಿತು ಎಂದುಕೊಳ್ಳುತ್ತಿದ್ದರು. ಒಂದು ಮಾಗಿಯಲ್ಲಿ ತಾಯಿ ತೀರಿಕೊಂಡರು. ಗೋಡೆಗೆ ಹಾಕಲು ಚಿತ್ರ ಹುಡುಕಿದಾಗ ದೊರೆತದ್ದು, ಯಾರದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ ಹಿಗ್ಗಿಸಿದ ಮಸುಕು ಮುಖವೊಂದು. ಅದರ ಅಂಚಿನಲ್ಲಿ ಬೇರೊಬ್ಬರ ಮೊಣಕೈ ಇಂದಿಗೂ ಕಾಣುತ್ತದೆ.

ಈಚೆಗೆ ಅವರ ಪತ್ನಿ ಹಂಪಿ ಬಾದಾಮಿಗಳನ್ನು ನೋಡಬೇಕೆಂದು ಬಯಸಿದರು. ಹೆಗಲಿಗೆ ಮತ್ತೆ ಆ ಚೀಲವೇ ಎಂದು ಮುಖ್ಯೋಪಾಧ್ಯಾಯರು ಹಿಂದೆಮುಂದೆ ನೋಡುತ್ತಿರುವಾಗ ಅವರ ತಂಗಿಯ ಮಗ ತನ್ನ ಚಿಕ್ಕ ಕ್ಯಾಮೆರಾವನ್ನು ತಂದುಕೊಟ್ಟು, “ಮಾವ, ಒಂದು ತಿಂಗಳು ಇದನ್ನಿಟ್ಟುಕೊಂಡು ನೋಡಿ. ಕೊಳ್ಳುವ ಮಾತು ಆಮೇಲೆ” ಎಂದ. ಆ ತಿಂಗಳಿನಲ್ಲಿ ಅವರು ಕಂಡುಕೊಂಡದ್ದು, ಇಂತಹುದನ್ನು ಕೊಳ್ಳಬಯಸುವ ಇತರರಿಗೂ ಉಪಯೋಗಕ್ಕೆ ಬರುವಂತಹುದು.

ಕನ್ನಡಿ ಏಕಿತ್ತು?

ಹಳೆಯ ಬಗೆಯ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಲ್ಲಿಸಿದ ಕನ್ನಡಿಯೊಂದಿರುತ್ತದೆ. ಒಳಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಅಲ್ಲಿಂದ ಗಾಜಿನ ಪಟ್ಟಕವೊಂದರ ಮೂಲಕ ಆ ಬೆಳಕು ಕಣ್ಣನ್ನು ಸೇರುತ್ತದೆ. ಗುಂಡಿಯನ್ನೊತ್ತಿದಾಗ ಕನ್ನಡಿ ಮೇಲಕ್ಕೆ ಹಾರಿ, ಬೆಳಕಿಗೆ ಫಿಲ್ಮಿನತ್ತ ದಾರಿ ಬಿಡುತ್ತದೆ. ೧೯೪೯ರಲ್ಲಿ ಹೊರಬಂದ ಜರ್ಮನಿಯ ಕಾಂಟ್ಯಾಕ್ಸ್ ಎಸ್ ಈ ಪಟ್ಟಕವುಳ್ಳ ಮೊದಮೊದಲ ಕ್ಯಾಮೆರಾಗಳಲ್ಲೊಂದು. ೧೯೫೯ರಲ್ಲಿ ಬಂದ ಜಪಾನಿನ ನಿಕಾನ್ ಎಫ್ ಪತ್ರಿಕಾ ಛಾಯಾಗ್ರಾಹಕರ ಅಚ್ಚುಮೆಚ್ಚಿನದಾಯಿತು. ಫಿಲ್ಮನ್ನು ತೊಳೆಯುವವರೆಗೂ ಅದರ ಮೇಲೇನು ಮೂಡಿದೆಯೆಂದು ತಿಳಿಯುವಂತಿರಲಿಲ್ಲವಾದ್ದರಿಂದ, ಲೆನ್ಸು ಕಂಡದ್ದನ್ನು ಕಣ್ಣಿಗೆ ಕಾಣಿಸಲು ಕನ್ನಡಿಯೇ ಬೇಕಾಗಿದ್ದಿತು.

ಫಿಲ್ಮಿನ ಸ್ಥಾನಕ್ಕೆ ವಿದ್ಯುನ್ಮಾನ ಸೆನ್ಸರ್ ಬಂದಮೇಲೆ ಈ ಅವಶ್ಯಕತೆ ಉಳಿಯಲಿಲ್ಲ. ತನ್ನ ಮೇಲೆ ಬಿದ್ದ ಬಿಂಬವನ್ನು ಸೆನ್ಸರ್ ತಾನೇ ಪುಟ್ಟ ಪರದೆಗೆ ಕಳುಹಿಸಬಲ್ಲದು. ೨೦೦೮ರಲ್ಲಿ ಪ್ಯಾನಾಸಾನಿಕ್ ಸಂಸ್ಥೆಯ ಲ್ಯೂಮಿಕ್ಸ್ ಜಿ೧, ಕನ್ನಡಿಯನ್ನು ತೆಗೆದುಹಾಕಿ, ಲೆನ್ಸ್ ಬದಲಿಸುವ ಸೌಕರ್ಯವನ್ನು ಉಳಿಸಿಕೊಂಡು ಹೊಸ ದಾರಿಯನ್ನು ತೆರೆಯಿತು. ಕನ್ನಡಿ ಹೋದರೆ ಅದು ಹಾರಾಡುವ ಜಾಗವೂ ಉಳಿತಾಯವಾಗುತ್ತದೆ. ನಿಕಾನಿನ ಕನ್ನಡಿಯುಳ್ಳ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರಿಗೂ ನಡುವೆ ೪೬.೫ ಮಿಲಿಮೀಟರ್ ಅಂತರವಿರುತ್ತದೆ. ಸೋನಿಯ ಕನ್ನಡಿಯಿಲ್ಲದವುಗಳಲ್ಲಿ ಕೇವಲ ೧೮. ದಪ್ಪ ಕ್ಯಾಮೆರಾ ತೆಳ್ಳಗಾದುದರ ಗುಟ್ಟು ಇದು.

ಅರ್ಧ ಲೀಟರ್ ಹಾಲಿಗಿಂತ ಹಗುರ

ಸೋದರಳಿಯ ತಂದುಕೊಟ್ಟದ್ದು ಸೋನಿ ಎ೬೦೦೦, ೨೦೧೪ರಲ್ಲಿ ಬಿಡುಗಡೆಯಾದದ್ದು. ಬ್ಯಾಟರಿ ಸೇರಿ ತೂಕ ೩೪೪ ಗ್ರಾಂ. ಅದರೊಡನೆ ಬರುವ ೧೬–೫೦ ಮಿಲಿಮೀಟರ್ ಲೆನ್ಸಿನ ತೂಕ ೧೧೬ ಗ್ರಾಂ. ಎರಡೂ ಕೂಡಿದರೆ ೪೬೦. ಅರ್ಧ ಲೀಟರ್ ಹಾಲಿನ ಪೊಟ್ಟಣಕ್ಕಿಂತ ಕಡಿಮೆ. ದೇವರಾಜ ಮಾರುಕಟ್ಟೆಗೆ ಹೊರಟಾಗ ತರಕಾರಿಯ ಬಟ್ಟೆಚೀಲದಲ್ಲಿಯೇ ಒಂದು ಟವೆಲಿನಲ್ಲಿ ಸುತ್ತಿ ಅದನ್ನಿಡಬಹುದಾಗಿತ್ತು. ಆ ತಿಂಗಳೆಲ್ಲ ಅದು ಬೀರುವಿನ ಮುಖವನ್ನೇ ಕಾಣಲಿಲ್ಲ.

ಮೊದಲ ಎರಡು ದಿನ ಅವರಿಗೆ ಅದು ಹಿಡಿಸಲಿಲ್ಲವೆಂಬುದನ್ನೂ ಹೇಳಬೇಕು. ಕಿಂಡಿಗೆ ಕಣ್ಣಿಟ್ಟರೆ ಕಾಣುವುದು ನೇರವಾದ ನೋಟವಲ್ಲ, ಪುಟ್ಟದೊಂದು ಟೆಲಿವಿಷನ್. ಬೆಳಕು ಕಡಿಮೆಯಾದಲ್ಲಿ ಆ ನೋಟ ಕಾಳುಕಾಳಾಗಿ ಕಾಣುತ್ತದೆ. ಆದರೆ ಮೂರನೆಯ ದಿನ ಅದರ ಗುಣ ತಿಳಿಯಿತು. ತೆಗೆಯಲಿರುವ ಚಿತ್ರ ಕಪ್ಪಾಗುವುದೋ ಬೆಳ್ಳಗಾಗುವುದೋ ಎಂಬುದು ಗುಂಡಿಯನ್ನೊತ್ತುವ ಮುನ್ನವೇ ಅಲ್ಲಿ ಗೋಚರಿಸುತ್ತದೆ. ಕಿಟಕಿಗೆ ಬೆನ್ನು ಮಾಡಿ ಕುಳಿತವರ ಮುಖ ಕಪ್ಪಾಗುತ್ತಿದ್ದರೆ, ಅದನ್ನು ಕಂಡು, ಬೆಳಕನ್ನು ಏರಿಸಿ, ಅನಂತರ ತೆಗೆಯಬಹುದು. ತೆಗೆದು, ನೋಡಿ, ಅಳಿಸಿ, ಮತ್ತೆ ತೆಗೆಯುವ ಕಷ್ಟವಿಲ್ಲ.

ಓಡಾಡುವ ಮಕ್ಕಳನ್ನು ಹಿಡಿಯುವುದರಲ್ಲಿಯೂ ಅದು ಚುರುಕು. ಚೌಕಟ್ಟಿನ ಬಹುಭಾಗದಲ್ಲಿ ಹರಡಿರುವ ೧೭೯ ಬಿಂದುಗಳಲ್ಲಿ ಎಲ್ಲಿ ಬೇಕಾದರೂ ಅದು ನಾಭಿಯನ್ನು ಕೂಡಿಸಿಕೊಳ್ಳುತ್ತದೆ. ಸೆಕೆಂಡಿಗೆ ೧೧ ಚಿತ್ರಗಳನ್ನು ತೆಗೆಯುತ್ತದೆ. ಹಾಗೆಂದು ಗುಂಡಿಯ ಮೇಲಿಟ್ಟ ಬೆರಳನ್ನು ತೆಗೆಯದಿದ್ದರೆ, ಸಂಜೆ ನೂರಾರು ಒಂದೇ ಬಗೆಯ ಚಿತ್ರಗಳ ಮುಂದೆ ಕುಳಿತು ಆರಿಸುವ ಶಿಕ್ಷೆ ಕಾದಿರುತ್ತದೆ. ಹಿಂದಿನ ಪರದೆ ಮೇಲ್ಮುಖವಾಗಿ ಮಡಿಸಿಕೊಳ್ಳುವುದರಿಂದ, ಮಂಡಿಯೂರಲಾಗದ ಅಜ್ಜನೂ ಮೊಮ್ಮಗಳ ಕಣ್ಣಿನೆತ್ತರದಿಂದ ಅವಳ ಚಿತ್ರವನ್ನು ತೆಗೆಯಬಹುದು. ಅರವತ್ತು ದಾಟಿದವರಿಗೆ ಇದು ಸಣ್ಣ ಸೌಕರ್ಯವಲ್ಲ.

ಪ್ರವಾಸದಲ್ಲಿ

ಕೊರತೆಗಳು ಹೆಚ್ಚಾಗಿ ಕಾಣಿಸಿದ್ದು ಪ್ರವಾಸದಲ್ಲಿ. ಮೊದಲನೆಯದು ಬ್ಯಾಟರಿ. ಕನ್ನಡಿಯುಳ್ಳ ಕ್ಯಾಮೆರಾದಲ್ಲಿ ನೋಡುವುದಕ್ಕೆ ವಿದ್ಯುತ್ತು ಬೇಕಿಲ್ಲ. ಇದರಲ್ಲಿ ನೋಡುತ್ತಿದ್ದಷ್ಟು ಹೊತ್ತೂ ಸೆನ್ಸರ್ ಮತ್ತು ಪರದೆಗಳು ಉರಿಯುತ್ತಿರಬೇಕು. ಕಿಂಡಿಯ ಮೂಲಕ ನೋಡಿ ತೆಗೆದರೆ ಸುಮಾರು ೩೧೦ ಚಿತ್ರಗಳೆಂದು ತಯಾರಕರ ಲೆಕ್ಕ. ಹಂಪಿಯಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಬಳಿ ಬರುವ ವೇಳೆಗೆ ಮುಖ್ಯೋಪಾಧ್ಯಾಯರ ಬ್ಯಾಟರಿ ಮುಗಿದಿತ್ತು. ಎರಡನೆಯದೊಂದು ಜೇಬಿನಲ್ಲಿದ್ದುದರಿಂದ ಮಾನ ಉಳಿಯಿತು. ಪ್ರವಾಸಿಗೆ ಎರಡು ಬ್ಯಾಟರಿಗಳು ಅವಶ್ಯಕ, ಮೂರಿದ್ದರೆ ನೆಮ್ಮದಿ.

ಎರಡನೆಯದು ಧೂಳು. ಲೆನ್ಸನ್ನು ಕಳಚಿದೊಡನೆ ಈ ಕ್ಯಾಮೆರಾದ ಸೆನ್ಸರ್ ಬಯಲಿಗೆ ಬೀಳುತ್ತದೆ; ಅದನ್ನು ಮರೆಮಾಡಲು ಕನ್ನಡಿಯಿಲ್ಲ. ಗಾಳಿ ಬೀಸುವ ಬಂಡೆಗಳ ನಡುವೆ ಲೆನ್ಸ್ ಬದಲಿಸುವುದು ಅವಿವೇಕ. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯನ್ನು ಕೆಳಮುಖವಾಗಿ ಹಿಡಿಯತಕ್ಕದ್ದು. ಮಳೆಯನ್ನು ತಡೆಯುವ ಕಟ್ಟೂ ಇದಕ್ಕಿಲ್ಲ. ಆಷಾಢದಲ್ಲಿ ಆಗುಂಬೆಗೆ ಹೊರಟವರು ಇದನ್ನು ನೆನಪಿಡಬೇಕು.

ಮೂರನೆಯದು ಮಂದ ಬೆಳಕು. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. ೫೭೮ರ ಶಾಸನವುಳ್ಳದ್ದು, ಮಂಗಳೇಶನು ಮಾಡಿಸಿದ್ದು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕೆಂಗಲ್ಲಿನ ನಸುಗತ್ತಲೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಕ್ಕಾಲಿ ಸ್ಟ್ಯಾಂಡನ್ನು ನಿಲ್ಲಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾದ್ದರಿಂದ ಕೈಯಲ್ಲಿ ಹಿಡಿದೇ ತೆಗೆಯಬೇಕು. ಈ ಕ್ಯಾಮೆರಾದ ದೇಹದೊಳಗೆ ಕೈನಡುಕವನ್ನು ಸರಿಪಡಿಸುವ ಏರ್ಪಾಡಿಲ್ಲ. ಜೊತೆಗೆ ಬರುವ ಲೆನ್ಸಿನಲ್ಲಿದೆ. ಅದರ ಬಲದಿಂದ ನಿಶ್ಚಲವಾದ ಶಿಲ್ಪ ಚೆನ್ನಾಗಿ ಮೂಡಿತು. ಆದರೆ ಅದರ ಮುಂದೆ ನಿಂತು ನಗುತ್ತ ತಲೆಯಾಡಿಸಿದ ಪತ್ನಿಯ ಮುಖ ಕದಡಿಹೋಯಿತು. ನಡುಕ ತಡೆಯುವ ಏರ್ಪಾಡು ತೆಗೆಯುವವರ ಕೈಯನ್ನು ಸ್ಥಿರಗೊಳಿಸುತ್ತದೆಯೇ ಹೊರತು, ಎದುರಿಗಿರುವವರ ಚಲನೆಯನ್ನಲ್ಲ.

ಇದಕ್ಕೆ ಮದ್ದು, ಹೆಚ್ಚು ಬೆಳಕನ್ನು ಒಳಬಿಡುವ ಲೆನ್ಸ್. ಜೊತೆಗೆ ಬರುವ ಲೆನ್ಸಿನ ದ್ವಾರ, ದೂರದ ತುದಿಯಲ್ಲಿ ಎಫ್ ೫.೬ರಷ್ಟು ಮಾತ್ರ ತೆರೆಯುತ್ತದೆ. ಎಫ್ ೧.೮ರಷ್ಟು ತೆರೆಯುವ ಲೆನ್ಸು ಅದಕ್ಕಿಂತ ಒಂಬತ್ತು ಪಟ್ಟಿಗೂ ಮೀರಿ ಬೆಳಕನ್ನು ಒಳಬಿಡುತ್ತದೆ. ಇದೇ ಸಂಸ್ಥೆಯ ೩೫ ಮಿಲಿಮೀಟರಿನ ಅಂತಹ ಲೆನ್ಸು ೧೫೪ ಗ್ರಾಂ ಮಾತ್ರ ತೂಗುತ್ತದೆ. ಮನೆಯೊಳಗಿನ ಮುಖಗಳಿಗೆ, ಗುಡಿಯ ದೀಪದ ಬೆಳಕಿಗೆ ಅದು ಸಲ್ಲುತ್ತದೆ.

ಫೋನು ಸಾಲದೆ?

ಇಷ್ಟೆಲ್ಲ ಏಕೆ, ಜೇಬಿನಲ್ಲಿರುವ ಫೋನು ಸಾಲದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಗಲು ಬೆಳಕಿನಲ್ಲಿ ತೆಗೆದು ಬಂಧುಗಳಿಗೆ ಕಳುಹಿಸುವುದಷ್ಟೇ ಉದ್ದೇಶವಾದರೆ ಖಂಡಿತ ಸಾಕು. ಅಂತಹವರು ಈ ಖರ್ಚಿಗೆ ಕೈ ಹಾಕಬೇಕಾಗಿಲ್ಲ. ವ್ಯತ್ಯಾಸವಿರುವುದು ಸೆನ್ಸರಿನ ವಿಸ್ತಾರದಲ್ಲಿ. ಒಂದಿಂಚಿನದೆಂದು ಕರೆಯಲ್ಪಡುವ, ಫೋನುಗಳ ಮಟ್ಟಿಗೆ ದೊಡ್ಡದಾದ ಸೆನ್ಸರಿನ ಅಳತೆ ೧೩.೨ಕ್ಕೆ ೮.೮ ಮಿಲಿಮೀಟರ್. ಈ ಕ್ಯಾಮೆರಾದ್ದು ೨೩.೫ಕ್ಕೆ ೧೫.೬, ಮೂರು ಪಟ್ಟಿಗೂ ಹೆಚ್ಚಿನ ಹರವು. ಚಿತ್ರವನ್ನು ಗೋಡೆಗೆ ಹಾಕುವಷ್ಟು ಹಿಗ್ಗಿಸಿದಾಗ, ಮುಸ್ಸಂಜೆಯಲ್ಲಿ ತೆಗೆದಾಗ, ದೂರದ ಗೋಪುರವನ್ನು ತಕ್ಕ ಲೆನ್ಸಿನಿಂದ ಹತ್ತಿರಕ್ಕೆ ಎಳೆದಾಗ ಈ ಹರವಿನ ಬೆಲೆ ತಿಳಿಯುತ್ತದೆ.

ಕೊಳ್ಳುವ ಮುನ್ನ

ಇಂತಹ ಕ್ಯಾಮೆರಾ ಎಲ್ಲರಿಗೂ ತಕ್ಕದ್ದಲ್ಲ. ಹಕ್ಕಿಗಳ ಬೆನ್ನು ಹತ್ತಿದವರು ಉದ್ದನೆಯ ಲೆನ್ಸನ್ನು ಜೋಡಿಸಿದರೆ ಹಗುರತನದ ಲಾಭ ಅಲ್ಲಿಗೆ ಮುಗಿಯಿತು. ಚಿಕ್ಕ ಹಿಡಿಗೆ ಸಮತೋಲ ತಪ್ಪುತ್ತದೆ. ಮದುವೆಯ ಚಿತ್ರಗಳಿಂದ ಜೀವನ ನಡೆಸುವವರಿಗೆ ಇದರಲ್ಲಿ ಒಂದೇ ಕಾರ್ಡಿಗೆ ಎಡೆಯಿರುವುದು ಅಪಾಯಕರ. ಕಾರ್ಡು ಕೆಟ್ಟರೆ ಮುಹೂರ್ತ ಮರಳಿ ಬಾರದು.

ಹಳೆಯದನ್ನು ಕೊಳ್ಳುವವರು ದ್ವಾರವನ್ನು ಎಫ್ ೧೬ಕ್ಕೆ ಕಿರಿದಾಗಿಸಿ ಬಿಳಿ ಗೋಡೆಯ ಚಿತ್ರವೊಂದನ್ನು ತೆಗೆದು ನೋಡಬೇಕು. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ, ಅದನ್ನು ತೆಗೆಸಬಹುದು. ಗೆರೆ ಕಂಡರೆ ಗೀರಿರುವ ಸಂಭವವುಂಟು. ಅದನ್ನು ಬಿಟ್ಟುಬಿಡುವುದೇ ಲೇಸು. ಬ್ಯಾಟರಿ ಉಬ್ಬಿದೆಯೇ, ಲೆನ್ಸು ತಡವರಿಸದೆ ಹೊರಬಂದು ಒಳಸೇರುತ್ತದೆಯೇ ಎಂದು ಪರೀಕ್ಷಿಸಬೇಕು. ಹಣ ಮಿಕ್ಕಿದ್ದರೆ ಹೊಸ ದೇಹಕ್ಕಿಂತ ಒಳ್ಳೆಯ ಲೆನ್ಸಿಗೆ ಹಾಕುವುದು ಜಾಣತನ. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಅಂಗಡಿಯಲ್ಲಿ ಆಗುವಂತಹುದಲ್ಲ. ಪರಿಚಿತರಿಂದ ಒಂದನ್ನು ಪಡೆದು ಒಂದು ವಾರ ಇಟ್ಟುಕೊಳ್ಳಬೇಕು. ಎಂಟನೆಯ ದಿನವೂ ಅದು ಕೈಚೀಲದಲ್ಲಿಯೇ ಇದ್ದರೆ ಕೊಳ್ಳಬಹುದು. ಕಪಾಟನ್ನು ಸೇರಿದ್ದರೆ, ಅದೆಷ್ಟೇ ಉತ್ತಮವಾಗಿರಲಿ, ಬೇಡ.

ಮೈಸೂರಿನವರೇ ಆದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (೧೯೨೩–೨೦೦೯) ತಮ್ಮ ನೆನಪುಗಳ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಯಂತ್ರದೊಳಗಿನ ಕನ್ನಡಿ ಹೋದರೂ ಆ ಇನ್ನೊಂದು ಕನ್ನಡಿಯ ಕೆಲಸ ಉಳಿದೇ ಇದೆ.

ಪ್ರವಾಸದಿಂದ ಮರಳಿದ ಮರುದಿನ ಬೆಳಗ್ಗೆ ಮುಖ್ಯೋಪಾಧ್ಯಾಯರು ಹಿತ್ತಲಿಗೆ ಬಂದಾಗ ಅವರ ಪತ್ನಿ ಪಾರಿಜಾತದ ಅಡಿಯಲ್ಲಿ ಬಾಗಿ ಹೂ ಆಯುತ್ತಿದ್ದರು. ಕ್ಯಾಮೆರಾ ಅಡಿಗೆಮನೆಯ ಕಿಟಕಿಯ ಕಟ್ಟೆಯ ಮೇಲಿತ್ತು. ಅವರು ಕೈಗೆತ್ತಿಕೊಂಡುದನ್ನು ಕಂಡು ಆಕೆ ಸೆರಗನ್ನು ಸರಿಪಡಿಸಿಕೊಳ್ಳುತ್ತ, “ಈ ಹಳೇ ಸೀರೆಯಲ್ಲಿ ಬೇಡೀಂದ್ರೆ, ನಾಳೆ ತೆಗೆದರಾಯಿತು” ಎಂದರು.

“ನಾಳೆ ಬೇಡ. ನೀನು ಹೂ ಆಯುತ್ತಿರು” ಎಂದು ಅವರು ಗುಂಡಿಯನ್ನೊತ್ತಿದರು.

ಸೋದರಳಿಯನಿಗೆ ಅವನ ಕ್ಯಾಮೆರಾ ಆ ವಾರವೇ ಹಿಂದಿರುಗಿತು. ದೊಡ್ಡ ಕ್ಯಾಮೆರಾವನ್ನು ಮಾರಿ ಬಂದ ಹಣಕ್ಕೆ ಸ್ವಲ್ಪ ಸೇರಿಸಿ ಅವರು ಅಂತಹುದನ್ನೇ ಒಂದು ಕೊಂಡರು. ಬೀರುವಿನ ಮೇಲಿನ ಖಾನೆಯಲ್ಲಿ ಈಗ ಚಳಿಗಾಲದ ಕಂಬಳಿಗಳಿವೆ.