ನಿಕಿಫೋರ್‌ನ ಮರದ ಚರ್ಚುಗಳು

ಸಂಪಾದಕರೇ,

ಯುರೋಪಿನ ಜನಪದ ಚಿತ್ರಕಾರರ ಕುರಿತ ನಿಮ್ಮ ಲೇಖನ ಓದಿ ಖುಷಿಯಾಯಿತು. ಆದರೆ ಪೋಲೆಂಡಿನ ನಿಕಿಫೋರ್ (1895–1968) ಅದರಲ್ಲಿ ಇರಲೇಬೇಕಿತ್ತು. ಲೆಮ್ಕೊ ಸಮುದಾಯದ ಈ ಬಡವನ ಮಾತು ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಕ್ರಿನಿತ್ಸಾ ಊರಿನ ರಸ್ತೆಬದಿ ಕೂತು, ಸಿಗರೇಟು ಪ್ಯಾಕಿನ ರಟ್ಟು, ಕಚೇರಿಯ ರದ್ದಿ ಕಾಗದ ಹೀಗೆ ಸಿಕ್ಕಿದ್ದರ ಮೇಲೆಲ್ಲ ಸುತ್ತಲಿನ ಹಳ್ಳಿಗಳ ಚರ್ಚುಗಳನ್ನು ಜಲವರ್ಣದಲ್ಲಿ ಬರೆದು ಪ್ರವಾಸಿಗರಿಗೆ ಮಾರುತ್ತಿದ್ದ. ಈರುಳ್ಳಿಯಾಕಾರದ ಗುಮ್ಮಟ, ಅದರ ಸುತ್ತ ಗಟ್ಟಿಯಾದ ಕಪ್ಪು ಗೆರೆ, ಕೆಳಗೆ ಓದುಬರಹ ಸರಿಯಾಗಿ ಬಾರದ ಕೈ ಬಿಡಿಸಿದ ದೊಡ್ಡ ದೊಡ್ಡ ಅಕ್ಷರಗಳ ಸಾಲು. ಆ ತಪ್ಪಕ್ಷರಗಳೂ ಚಿತ್ರದ ಭಾಗವೇ.

1947ರಲ್ಲಿ ಸರ್ಕಾರ ಲೆಮ್ಕೊಗಳನ್ನು ಊರಿಂದ ಬಲವಂತವಾಗಿ ಎಬ್ಬಿಸಿ ದೂರ ಸಾಗಿಸಿತು. ಜನವಿಲ್ಲದ ಹಳ್ಳಿಗಳಲ್ಲಿ ಎಷ್ಟೋ ಚರ್ಚುಗಳು ಪಾಳುಬಿದ್ದವು. ನಿಕಿಫೋರ್‌ನನ್ನೂ ಸಾಗಿಸಿದ್ದರು, ಆತ ಮತ್ತೆ ಮತ್ತೆ ಕ್ರಿನಿತ್ಸಾಕ್ಕೇ ಮರಳಿದ. ಹಾಗಾಗಿ ಆತನ ಚಿತ್ರಗಳನ್ನು ಬರೀ 'ಮುಗ್ಧ ಕಲೆ' ಎಂದು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ. ಇವು ಒಂದು ಜನಾಂಗ ಕಳೆದುಕೊಂಡ ಊರುಗಳ ದಾಖಲೆ.

ಪೋಲೆಂಡ್, ಉಕ್ರೇನ್‌ಗಳ ಕಾರ್ಪೇಥಿಯನ್ ಸೀಮೆಯ ಇಂಥ 16 ಮರದ ಚರ್ಚುಗಳು 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಮುಂದಿನ ಸಂಚಿಕೆಯಲ್ಲಿ ನಿಕಿಫೋರ್‌ಗೆ ಎರಡು ಪುಟ ಮೀಸಲಿಡಿ. ದಯವಿಟ್ಟು ಬಣ್ಣದಲ್ಲೇ ಅಚ್ಚುಹಾಕಿ.

– ಓದುಗ, ಶಿವಮೊಗ್ಗ