ಪಂಕ್ ಹಾಡೂ ನಮ್ಮ ಕನ್ನಡ ಶಾಲೆಯೂ

ಎರಡು ವರ್ಷದ ಹಿಂದಿನ ಮಾತು. ಶಾಲಾ ವಾರ್ಷಿಕೋತ್ಸವಕ್ಕೆ ಒಂದು ವಾರ ಇರುವಾಗ ಹತ್ತನೇ ತರಗತಿಯ ಮೂವರು ಹುಡುಗರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಒಬ್ಬನ ಕೈಯಲ್ಲಿ ಯಾರದೋ ಹಳೆಯ ಗಿಟಾರ್, ಇನ್ನೊಬ್ಬನ ಕೈಯಲ್ಲಿ ಪೈಂಟಿನ ಖಾಲಿ ಡಬ್ಬ. "ಸರ್, ನಾವೇ ಒಂದು ಹಾಡು ಮಾಡಿದ್ದೇವೆ" ಅಂದರು. ಹಾಡು ಹೆಚ್ಚೆಂದರೆ ಒಂದೂವರೆ ನಿಮಿಷದ್ದು. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದರೆ ಮಕ್ಕಳ ಗತಿಯೇನು ಎಂಬುದು ವಿಷಯ. ಶ್ರುತಿ ಇಲ್ಲ, ಅರ್ಧ ಕನ್ನಡ, ಅರ್ಧ ತುಳು, ಕೊನೆಗೆ ಬರೀ ಬೊಬ್ಬೆ. "ಇದು ಹಾಡಾ ಮಾರಾಯ?" ಎಂದು ನಾವು ನಕ್ಕೆವು. "ಇದು ಪಂಕ್ ಸರ್, ಹೀಗೇ ಇರುವುದು" ಅಂದ ಗಿಟಾರಿನವ. ನಮಗೆ ಗೊತ್ತಿದ್ದದ್ದು ಪಂಕ್ಚರ್ ಮಾತ್ರ! ಹಾಡನ್ನು ಪಟ್ಟಿಗೆ ಸೇರಿಸಲಿಲ್ಲ. ಆ ಹೊತ್ತಿಗೆ ಪೆನ್‌ಡ್ರೈವಿನ ನಾಡಭಕ್ತಿ ಗೀತೆಗೆ ಒಂದು ನೃತ್ಯ ಹಾಕಿದೆವು. "ಆಯ್ತು ಸರ್" ಅಂದು ಹೋದರು.

ಆ ಮೇಲೆ, ಏನಪ್ಪಾ ಈ ಪಂಕ್ ಎಂದು ಓದತೊಡಗಿದೆವು. ಓದಿದಷ್ಟೂ ನಾವು ಮಾಡಿದ್ದು ತಪ್ಪು ಎಂದೇ ಅನಿಸಿತು. ಅದಕ್ಕೇ ಈ ಬರೆಹ.

ಪಂಕ್ ಎಂಬುದು ಮೊದಲಿಗೆ ಬೈಗುಳ. ನಮ್ಮ 'ಪುಂಡ', 'ಕೆಲಸಕ್ಕೆ ಬಾರದವ' ಎಂಬ ಮಾತಿನ ಹಾಗೆ. 1970ರ ದಶಕದ ಹೊತ್ತಿಗೆ ರಾಕ್ ಸಂಗೀತ ದೊಡ್ಡವರ ಆಸ್ತಿಯಾಗಿತ್ತು. ಲಕ್ಷಗಟ್ಟಲೆ ಬೆಲೆಯ ವಾದ್ಯ, ಇಪ್ಪತ್ತು ನಿಮಿಷದ ಹಾಡು, ಕ್ರೀಡಾಂಗಣ ತುಂಬ ಜನ. ಅದಕ್ಕೆ ಎದುರಾಗಿ 1974ರಲ್ಲಿ ನ್ಯೂಯಾರ್ಕಿನಲ್ಲಿ ರಮೋನ್ಸ್ ಎಂಬ ತಂಡ ಹುಟ್ಟಿತು. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ! ಲಂಡನ್ನಿನಲ್ಲಿ 1975ರಲ್ಲಿ ಸೆಕ್ಸ್ ಪಿಸ್ತೂಲ್ಸ್, ಮರುವರ್ಷ ಕ್ಲಾಷ್ ತಂಡ ಹುಟ್ಟಿದವು. ಆಗ ಇಂಗ್ಲೆಂಡಿನಲ್ಲಿ ನಿರುದ್ಯೋಗ ಏರುತ್ತಿತ್ತು. ಶಾಲೆ ಬಿಟ್ಟ ಹುಡುಗರಿಗೆ ಕೆಲಸವಿಲ್ಲ, ಹೇಳುವುದಕ್ಕೆ ಮಾತ್ರ ಬಹಳ ಇತ್ತು.

ಬೇರು ಹುಡುಕಿದರೆ ಅದೂ ಶುದ್ಧವಲ್ಲ. ಅಮೆರಿಕದ ಸ್ಟೂಜಸ್, ವೆಲ್ವೆಟ್ ಅಂಡರ್‌ಗ್ರೌಂಡ್ ತಂಡಗಳ ಒರಟುತನ ಅದರಲ್ಲಿದೆ. ಅದಕ್ಕೂ ಹಿಂದೆ ಕಪ್ಪು ಜನರ ಬ್ಲೂಸ್ ಇದೆ. ಕ್ಲಾಷ್ ತಂಡ ಜಮೈಕಾದಿಂದ ವಲಸೆ ಬಂದವರ ರೆಗೆಯನ್ನು ತನ್ನದಾಗಿಸಿಕೊಂಡಿತು. ಜನಾಂಗ ದ್ವೇಷದ ವಿರುದ್ಧ 1978ರಲ್ಲಿ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ನಡೆದ ದೊಡ್ಡ ಮೇಳದಲ್ಲಿ ಪಂಕ್ ತಂಡವೂ ರೆಗೆ ತಂಡವೂ ಒಂದೇ ವೇದಿಕೆ ಹತ್ತಿದವು.

ಪಂಕ್ ಕಲಿಸಿದ ದೊಡ್ಡ ಪಾಠ ಇಷ್ಟೇ. ಹೇಳುವುದಿದ್ದರೆ ಇನ್ನೊಬ್ಬರ ಅಪ್ಪಣೆಗೆ ಕಾಯಬೇಡ. ಗಿಟಾರಿನ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಂದರೆ ಸಾಕು. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಹುಡುಗರು 1977ರಲ್ಲಿ ಸಾಲ ಮಾಡಿ ತಮ್ಮ ತಟ್ಟೆಯನ್ನು ತಾವೇ ಹೊರತಂದರು. ಆಮೇಲೆ ಇದರಿಂದ ಟಿಸಿಲೊಡೆದದ್ದು ಹತ್ತಾರು: ಪೋಸ್ಟ್ ಪಂಕ್, ಹಾರ್ಡ್‌ಕೋರ್, ಹೆಣ್ಣುಮಕ್ಕಳೇ ಕಟ್ಟಿದ ರಯಟ್ ಗರ್ಲ್. 1991ರಲ್ಲಿ ಲೋಕವೆಲ್ಲ ಕೇಳಿದ ನಿರ್ವಾಣ ತಂಡದ ಗ್ರಂಜ್‌ಗೂ ಅದೇ ಬೇರು.

ಆದರೆ ಗಡಿನಾಡಿನ ನಮಗೆ ಬೇಕಾದ ಕಥೆ ಬೇರೆ ಎರಡಿವೆ.

ಒಂದು, ಬ್ರಿಟನ್ನಿನ ವೇಲ್ಸ್. ಇಂಗ್ಲಿಷಿನ ನೆರಳಲ್ಲಿ ಸೊರಗಿದ್ದ ವೆಲ್ಷ್ ಭಾಷೆಗೆ ಭಜನೆ, ಗಾನಮೇಳ, ಹಬ್ಬದ ಸ್ಪರ್ಧೆ ಎಲ್ಲ ಇತ್ತು. (ನಮ್ಮ ಹಾಗೆಯೇ ಅಲ್ಲವೇ?) 1982ರಲ್ಲಿ ಅಲ್ಲಿನ ಒಂದು ಸಣ್ಣ ಊರಿನಲ್ಲಿ ಡೇವಿಡ್ ಎಡ್ವರ್ಡ್ಸ್ ಎಂಬ ಹುಡುಗ ಗೆಳೆಯನೊಡನೆ ದತ್‌ಬ್ಲಗಿ ಎಂಬ ತಂಡ ಕಟ್ಟಿದ. ಸಿಟ್ಟು, ಬೇಸರ, ತಮಾಷೆ ಎಲ್ಲವನ್ನೂ ವೆಲ್ಷ್‌ನಲ್ಲೇ ಹಾಡಿದ. ತನ್ನ ಭಾಷೆಯ ದೊಡ್ಡ ಮನುಷ್ಯರನ್ನೂ ಬಿಡಲಿಲ್ಲ. ಆತ ಕೆಲವು ಕಾಲ ಶಾಲಾ ಮಾಸ್ತರನೂ ಆಗಿದ್ದ!

ಇನ್ನೊಂದು ಬಾಸ್ಕ್ ನಾಡು. ಸ್ಪೇನಿನಲ್ಲಿ ಫ್ರಾಂಕೋ ಆಳ್ವಿಕೆ ತುಳಿದಿಟ್ಟಿದ್ದ ಭಾಷೆ ಅದು. ಫ್ರಾನ್ಸಿನ ಗಡಿಯ ಇರುನ್ ಪೇಟೆಯಲ್ಲಿ 1984ರಲ್ಲಿ ಕೊರ್ತಾತು ತಂಡ ಹುಟ್ಟಿತು. ಹಾಡುಗಾರ ಫೆರ್ಮಿನ್ ಮುಗುರುಸಾಗೆ ಮೊದಲು ಬಾಸ್ಕ್ ಸರಿಯಾಗಿ ಬರುತ್ತಿರಲಿಲ್ಲ. ದೊಡ್ಡವನಾದ ಮೇಲೆ ಕಲಿತ. 1988ರಲ್ಲಿ ಪೂರ್ತಿ ಬಾಸ್ಕ್‌ನಲ್ಲೇ ಒಂದು ಆಲ್ಬಮ್ ತಂದ. ತಾತನ ಭಾಷೆ ಎಂದುಕೊಂಡಿದ್ದದ್ದು ಹುಡುಗರ ಭಾಷೆಯೂ ಆಯಿತು.

ಇನ್ನು ನಮ್ಮಲ್ಲಿಗೆ ಬರೋಣ. ಲಂಡನ್ನಿನಲ್ಲಿ ಪಂಕ್ ಹುಟ್ಟಿದ ಅದೇ 1975ರಲ್ಲಿ ಕರ್ನಾಟಕದಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ಸಮುದಾಯ ತಂಡ ಹುಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಕೈಗೆ ಸಿಕ್ಕ ತಮಟೆ ಹಿಡಿದು ಬೀದಿಯಲ್ಲಿ ಹಾಡುವ ಛಲ ಒಂದೇ. ಅದಕ್ಕೂ ಮೊದಲೇ ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಇದ್ದರು. ಪೆರಡಾಲದ ನವಜೀವನ ಹೈಸ್ಕೂಲಿನ ಅಧ್ಯಾಪಕರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಸಂಕಟಕ್ಕೆ ಅವರು ಕಟ್ಟಿದ ಬೆಂಕಿಯಂಥ ಹಾಡು ಗಡಿನಾಡಿನ ಯಾರಿಗೆ ಗೊತ್ತಿಲ್ಲ? ಆ ಹಾಡನ್ನು ನಾವು ಪ್ರತಿ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಮಕ್ಕಳು ತಮ್ಮದೇ ಸಂಕಟಕ್ಕೆ ಹಾಡು ಕಟ್ಟಿಕೊಂಡು ಬಂದರೆ ಶ್ರುತಿ ಸರಿ ಇಲ್ಲ ಎನ್ನುತ್ತೇವೆ!

ನಮ್ಮ ಮಕ್ಕಳಲ್ಲಿ ಹಲವರಿಗೆ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ. ಕನ್ನಡ ಅವರಿಗೆ ಶಾಲೆಯ ಭಾಷೆ. ಅಂದರೆ ಪರೀಕ್ಷೆಯ, ಭಾಷಣ ಸ್ಪರ್ಧೆಯ, ಕಲೋತ್ಸವದ ಕಂಠಪಾಠದ ಭಾಷೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಕೇಳುವುದು ಬೇರೆ ಭಾಷೆಯ ಹಾಡು. ಮಲಯಾಳದ ಮಕ್ಕಳಿಗೆ ಅವಿಯಲ್ ತಂಡ 2008ರಲ್ಲೇ ತಮ್ಮ ನುಡಿಯ ರಾಕ್ ಆಲ್ಬಮ್ ಕೊಟ್ಟಿತು. ಅದೇ ವರ್ಷ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳಿಗೆ ಗಿಟಾರ್ ಜೋಡಿಸಿದರು, ಅದು ಬಹಳ ಒಳ್ಳೆಯದೇ ಆಯಿತು. ಆದರೆ ಹದಿನೈದು ವರ್ಷದ ಗಡಿನಾಡ ಹುಡುಗಿ ಇವತ್ತು ಬಸ್ಸಿನಲ್ಲಿ ಪಟ್ಟ ಪಾಡನ್ನು ಶರೀಫರು ಬರೆದಿಟ್ಟಿಲ್ಲವಲ್ಲ. ಅದನ್ನು ಅವಳೇ ಬರೆಯಬೇಕು.

"ಪಂಕ್ ಅಂದರೆ ಕುಡಿತ, ಮಾದಕದ್ರವ್ಯ, ಹರಿದ ಬಟ್ಟೆ" ಎಂದು ಪಿ.ಟಿ.ಎ.ಯವರು ಹೇಳಬಹುದು. ಅದೂ ಇತ್ತು, ಸುಳ್ಳಲ್ಲ. ಆದರೆ 1981ರಲ್ಲಿ ವಾಷಿಂಗ್ಟನ್ನಿನ ಮೈನರ್ ಥ್ರೆಟ್ ತಂಡದ ಹಾಡೊಂದರಿಂದ ಕುಡಿತವೂ ಬೇಡ, ಅಮಲೂ ಬೇಡ ಎನ್ನುವ ಪಂಕ್ ಪಂಥವೇ ಬೆಳೆಯಿತು. "ಯಕ್ಷಗಾನ ಬಿಟ್ಟು ಇದಾ?" ಎಂದೂ ಕೇಳಬಹುದು. ಯಕ್ಷಗಾನ ಬಿಡಿ ಎಂದು ಯಾರು ಹೇಳಿದರು? ಅದಕ್ಕೆ ವರ್ಷಗಟ್ಟಲೆ ಅಭ್ಯಾಸ, ಒಳ್ಳೆಯ ಗುರು ಬೇಕು. ಅದು ಸಿಗದ ಮಕ್ಕಳಿಗೂ ಬಾಯಿ ಇದೆ.

ನಮ್ಮ ಸಲಹೆ ಸಣ್ಣದು. ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷ ಮಕ್ಕಳ ಸ್ವಂತ ಹಾಡಿಗೆ ಇಡೋಣ. ಪದ ಅವರದೇ ಇರಲಿ. ಕನ್ನಡದ ಜತೆ ತುಳು ಸೇರಿದರೂ ಸೇರಲಿ. ಪೆನ್‌ಡ್ರೈವ್ ಬೇಡ, ಬಹುಮಾನ ಬೇಡ, ನಮ್ಮ ಕೆಂಪು ಪೆನ್ನೂ ಬೇಡ. ಹಾಡು ನಮ್ಮನ್ನೇ ಚುಚ್ಚಿದರೆ ಕೂತು ಕೇಳೋಣ. ಶಾಲೆ ಉಳಿಸಿ, ಭಾಷೆ ಉಳಿಸಿ ಎಂದು ದೊಡ್ಡವರು ಎಷ್ಟು ಹೇಳಿದರೂ, ತನ್ನ ಸಿಟ್ಟನ್ನು ಕನ್ನಡದಲ್ಲಿ ಹೇಳಲು ಕಲಿತ ಮಗು ಮಾತ್ರ ಅದನ್ನು ನಿಜವಾಗಿ ಉಳಿಸಿಕೊಂಡೀತು.

ಗಿಟಾರಿನ ಹುಡುಗ ಈಗ ಪ್ಲಸ್ ಟು, ಇಂಗ್ಲಿಷ್ ಮಾಧ್ಯಮ. ಬಸ್‌ಸ್ಟಾಂಡಿನಲ್ಲಿ ಸಿಕ್ಕರೆ ಈಗಲೂ "ನಮಸ್ಕಾರ ಸರ್" ಅನ್ನುತ್ತಾನೆ. ಮತ್ತೆ ಹಾಡು ಬರೆದೆಯಾ, ಬರೆದರೆ ಯಾವ ಭಾಷೆಯಲ್ಲಿ ಎಂದು ಕೇಳಲು ನಮಗಿನ್ನೂ ಧೈರ್ಯ ಬಂದಿಲ್ಲ.

ನಿಮ್ಮ ಶಾಲೆಯಲ್ಲಿ ಹೇಗೆ? ನೀವೇನಂತೀರಿ?