ಬೆಟ್ಟ ಇರುವುದು ಬರಿಯ ನೋಟಕ್ಕಲ್ಲ



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತಾ, “ಸಾರ್, ನಮ್ಮ ಚಿಕ್ಕಬಳ್ಳಾಪುರ ಈಗ ಬೆಂಗಳೂರೇ ಆಗಿಹೋಯಿತಲ್ಲ!” ಎಂದು ಸಂತೋಷಪಟ್ಟ. ಅದೇ ದಿನ ಬೆಳಗಿನ ಪತ್ರಿಕೆಯ ನಡುವಿನಿಂದ ಬಡಾವಣೆಯೊಂದರ ಬಣ್ಣದ ಕರಪತ್ರ ಜಾರಿಬಿತ್ತು. ವಿಮಾನ ನಿಲ್ದಾಣ ಎಷ್ಟು ನಿಮಿಷದ ದಾರಿ, ಮಹಡಿಯಿಂದ ನಂದಿಬೆಟ್ಟ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬ ವರ್ಣನೆಯೆಲ್ಲ ಅದರಲ್ಲಿತ್ತು. ನೀರು ಎಲ್ಲಿಂದ ಬರುತ್ತದೆ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಶಿಷ್ಯನ ಸಂತೋಷ ಮತ್ತು ಆ ಕರಪತ್ರದ ಮೌನ, ಇವೆರಡೂ ಸೇರಿ ನನ್ನಿಂದ ಈ ಲೇಖನವನ್ನು ಬರೆಸುತ್ತಿವೆ.

ಮೊದಲಿಗೆ ಒಂದು ಪ್ರಶ್ನೆ. ನಾವು ಯಾರ ಉಪನಗರ? ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಕೋಟೆ ಕಟ್ಟುವ ವೇಳೆಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಏಳು ಶತಮಾನಗಳ ವಯಸ್ಸಾಗಿತ್ತು. ಆವತಿಯ ನಾಡಪ್ರಭುಗಳ ಮನೆತನ ಕಟ್ಟಿದ ಊರು ನಮ್ಮದು. ಕಾರ್ನ್‌ವಾಲಿಸನ ಸೈನ್ಯ 1791ರ ಅಕ್ಟೋಬರಿನಲ್ಲಿ ಟಿಪ್ಪುವಿನ ಕೈಯಿಂದ ಕಿತ್ತುಕೊಂಡ ನಂದಿದುರ್ಗ ನಮ್ಮದು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಅಕ್ಷರ ಕಲಿತದ್ದು ಈ ಊರಿನ ಶಾಲೆಯಲ್ಲಿ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ನಾವೇ ಒಂದು ಜಿಲ್ಲೆಯಾದೆವು. ಆದರೂ ನಮ್ಮ ತೋಟದ ಕಪ್ಪು ದ್ರಾಕ್ಷಿಗೆ ‘ಬೆಂಗಳೂರು ಬ್ಲೂ’ ಎಂದು ಹೆಸರು. ನಂದಿಬೆಟ್ಟಕ್ಕೆ ‘ಬೆಂಗಳೂರಿನ ಗಿರಿಧಾಮ’ ಎಂಬ ಬಿರುದು. ನೆರೆಯ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ವೆಂದು ಕರೆಯಲು 2025ರ ಜುಲೈ 2ರಂದು ಸಚಿವ ಸಂಪುಟ ತೀರ್ಮಾನಿಸಿದ್ದು ಕೂಡ ಇದೇ ನಂದಿಬೆಟ್ಟದ ಮೇಲೆ ಕುಳಿತು!

ಹೆಸರಿನ ಜಗಳ ನನಗೆ ಮುಖ್ಯವಲ್ಲ. ನೀರಿನ ಲೆಕ್ಕ ಮುಖ್ಯ.

ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ನಂದಿಯ ಸುತ್ತಿನ ಬೆಟ್ಟಗಳನ್ನು ಬರೆದು, ಅಲ್ಲಿಂದ ಹೊರಡುವ ಐದು ಗೆರೆಗಳನ್ನು ಎಳೆಯುತ್ತಿದ್ದುದು ನಿಮಗೆ ನೆನಪಿರಬಹುದು: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಐದು ನದಿ ಇದ್ದರೂ ನಮ್ಮೂರಲ್ಲಿ ಒಂದೂ ಯಾಕೆ ಕಾಣೋದಿಲ್ಲ?” ಎಂದು ಕೇಳಿದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ನಗಬಾರದಿತ್ತು.

ಏಕೆಂದರೆ ನಮ್ಮ ಹಿರಿಯರು ನದಿಯನ್ನು ನಂಬಿ ಬದುಕಿದವರಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಕಾಲುವೆಗಿಳಿದು ಒಂದು ಕೆರೆ ತುಂಬಬೇಕು. ಅದರ ಕೋಡಿ ಹರಿದು ಮುಂದಿನ ಕೆರೆ ತುಂಬಬೇಕು. ಹೀಗೆ ಸಾಲು ಸಾಲಾಗಿ ತುಂಬಿದ ಕೆರೆಗಳೇ ನಮ್ಮ ನದಿಗಳು. ಬಾವಿಯ ನೀರು, ಗದ್ದೆಯ ಭತ್ತ, ರೇಷ್ಮೆಯ ಹಿಪ್ಪುನೇರಳೆ, ಎಲ್ಲವೂ ಆ ಕೆರೆಸಾಲಿನ ಋಣ.

ಬೆಂಗಳೂರೂ ಇದೇ ಬೆಟ್ಟದ ಋಣದಲ್ಲಿತ್ತು. ನಂದಿಯಲ್ಲಿ ಹುಟ್ಟಿದ ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ 1896ರಲ್ಲಿ ಆ ನಗರಕ್ಕೆ ಒಯ್ದರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. ನಗರದ ದಾಹ ಇನ್ನೂ ಹೆಚ್ಚಿ, 1974ರಿಂದ ಅದು ದೂರದ ಕಾವೇರಿಯ ನೀರನ್ನು ಕುಡಿಯತೊಡಗಿತು. ಅರ್ಕಾವತಿಯ ಜಲಾನಯನವನ್ನು ಬಡಾವಣೆಗಳು, ಕೊಳವೆ ಬಾವಿಗಳು, ನೀಲಗಿರಿ ತೋಪುಗಳು ಆವರಿಸಿದವು; ಹೆಸರಘಟ್ಟದ ಕೆರೆ ವರ್ಷಗಟ್ಟಲೆ ಬರಿದಾಯಿತು. ಈಗ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಅದೇ ನಗರದ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ನಮ್ಮ ಕಂದವಾರ ಮೊದಲಾದ ಕೆರೆಗಳಿಗೆ ಬಿಡುತ್ತಿದ್ದಾರೆ. ದಿನಕ್ಕೆ 21 ಕೋಟಿ ಲೀಟರ್ ಹರಿಸಬೇಕೆಂಬುದು ಯೋಜನೆಯ ಗುರಿ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ರೈತರು ಗಂಟಲು ಹರಿದುಕೊಂಡರು. ಬೆಟ್ಟದ ನೀರನ್ನು ಕೊಟ್ಟವರು ನಾವು, ಬಚ್ಚಲಿನ ನೀರನ್ನು ಪಡೆದವರೂ ನಾವೇ. ಉಪನಗರವೆಂಬ ಪದದ ಅರ್ಥ ನಿಘಂಟಿಗಿಂತ ಇಲ್ಲಿ ಸ್ಪಷ್ಟವಾಗಿದೆ.

“ಆ ನೀರಾದರೂ ಬಂದಿತಲ್ಲ, ಕೊಳವೆ ಬಾವಿಗಳಲ್ಲಿ ಮತ್ತೆ ನೀರು ಕಂಡಿತಲ್ಲ” ಎಂದು ನಿಮ್ಮಲ್ಲಿ ಕೆಲವರು ಹೇಳುವಿರಿ. ಒಪ್ಪುತ್ತೇನೆ. ಬಾಯಾರಿದ ರೈತನಿಗೆ ನಾನು ಉಪದೇಶ ಮಾಡಲಾರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಹುಡುಗರಿಗೆ ಉದ್ಯೋಗ ದೊರೆತದ್ದೂ, ಭೂಮಿಯ ಬೆಲೆಯಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದೂ ನಿಜವೇ. ನನ್ನ ವಾದ ಬೆಳವಣಿಗೆಯ ಮೇಲಲ್ಲ. ಬೆಟ್ಟಕ್ಕೂ ಕೆರೆಗೂ ನಡುವಿನ ದಾರಿಯನ್ನು ಮುಚ್ಚಿ, ಆಮೇಲೆ ನೀರಿಲ್ಲವೆಂದು ಪಕ್ಕದೂರಿನ ಬಚ್ಚಲಿಗೆ ಕೈಯೊಡ್ಡುವ ಬುದ್ಧಿಯ ಮೇಲೆ.

ಬೇರೆಯವರನ್ನು ಬೈಯುವ ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ನಿವೃತ್ತಿಯ ಹಣದಲ್ಲಿ ನಿವೇಶನ ಕೊಂಡಾಗ ನಾನು ನೋಡಿದ್ದು ಪತ್ರಗಳನ್ನು, ದಿಕ್ಕನ್ನು, ಕಿಟಕಿಯಿಂದ ಕಾಣುವ ಬೆಟ್ಟವನ್ನು. 2021ರ ಅಕ್ಟೋಬರ್, ನವೆಂಬರ್ ತಿಂಗಳ ಮಳೆಗೆ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದವು. ಊರೆಲ್ಲ ಬಾಗಿನ ಕೊಡಲು ಹೊರಟಿದ್ದಾಗ ನನ್ನ ಮನೆಯ ನಡುಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಪಕ್ಕದ ಹಳ್ಳಿಯ ವೃದ್ಧರೊಬ್ಬರು ಬಂದು ನೋಡಿ, “ಮೇಷ್ಟ್ರೇ, ಇದು ಕಾಲುವೆ ಜಾಗ. ನೀರು ಅದರ ಮನೆಗೆ ಬಂದೈತೆ, ನೀವೇ ಅಡ್ಡ ಕುಂತಿದ್ದೀರ” ಎಂದರು. ಮೂವತ್ತು ವರ್ಷ ಭೂಗೋಳ ಕಲಿಸಿದವನಿಗೆ ಅಂದು ಪಾಠವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ನಂದಿಬೆಟ್ಟದ ರಸ್ತೆಯೇ ಭೂಕುಸಿತದಿಂದ ಕತ್ತರಿಸಿಹೋಗಿತ್ತು. ಆ ಎಚ್ಚರಿಕೆಯನ್ನೂ ನಾನು ಪತ್ರಿಕೆಯ ಸುದ್ದಿಯಂತೆ ಓದಿ ಮಡಿಸಿಟ್ಟಿದ್ದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಕಂದಾಯ, ಸರ್ವೆ, ನಗರಸಭೆಗಳಲ್ಲಿ ಕೆಲಸ ಮಾಡುತ್ತಿರುವವರು ಹಳೆಯ ಗ್ರಾಮನಕ್ಷೆಯ ಕಾಲುವೆಗಳನ್ನು ನೆಲದ ಮೇಲೆ ಗುರುತಿಸಿ ಕಲ್ಲು ನೆಡಿಸಿರಿ. ನನ್ನ ಮನೆಯ ಗೋಡೆ ಅಡ್ಡ ಬಂದರೆ ಅದರಿಂದಲೇ ಆರಂಭಿಸಿರಿ. ಬೆಟ್ಟದ ಬುಡದಲ್ಲಿ ಜಮೀನುಳ್ಳವರು ಮಾರುವ ಮುನ್ನ ಮಳೆಯ ದಾರಿಯನ್ನಾದರೂ ಉಳಿಸಿಕೊಳ್ಳಿರಿ. ಬೆಂಗಳೂರಿನಲ್ಲಿರುವವರು ಭಾನುವಾರದ ಮುಂಜಾನೆ ಮಂಜು ನೋಡಲು ನಂದಿಗೆ ಬಂದಾಗ, ಇಳಿಯುವಾಗ ಒಮ್ಮೆ ಕೆರೆಯ ಏರಿಯ ಮೇಲೂ ನಿಂತು ಹೋಗಿರಿ.

ಹಿಂದಿನ ಬೆಂಚಿನ ಆ ಹುಡುಗ ಇದನ್ನು ಓದುತ್ತಿದ್ದರೆ, ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ.

ನಿಮ್ಮ ಮೇಷ್ಟ್ರು